ಕುತ್ತಿಗೆಯ ಕ್ಯಾಮೆರಾ, ಜೇಬಿನ ಕ್ಯಾಮೆರಾ: ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಹೇಗೆ

ಹೋದ ದೀಪಾವಳಿಗೆ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಗೋಪೂಜೆಯ ಎರಡು ಫೋಟೊಗಳನ್ನು ಅವಳ ಮೊಬೈಲಿಗೆ ಕಳಿಸಿದ್ದೆ. ಒಂದು ದೊಡ್ಡ ಕ್ಯಾಮೆರಾದ್ದು, ಇನ್ನೊಂದು ಜೇಬಿನದ್ದು. ಬೆರಳಲ್ಲಿ ಹಿಂದೆ ಮುಂದೆ ಸರಿಸಿ ನೋಡಿ ಕೇಳಿದಳು: "ಮಾವ, ಎರಡೂ ಒಂದೇ ಥರ ಇದಾವಲ್ಲ? ಮತ್ತೆ ಆ ಭಾರ ಯಾಕೆ ಹೊತ್ಕೊಂಡು ತಿರುಗ್ತೀರ?"

ನನಗೆ ಸ್ವಲ್ಪ ಚುರುಕ್ ಅಂದಿತು. ನಾನು ಸಾಗರದಲ್ಲಿ ಸ್ಟುಡಿಯೊ ಇಟ್ಟವನು. ಮದುವೆ, ಉಪನಯನ, ಗೃಹಪ್ರವೇಶ ನನ್ನ ಹೊಟ್ಟೆಪಾಡು. ಯಕ್ಷಗಾನ ನನ್ನ ಹುಚ್ಚು. ಹೊಟ್ಟೆಪಾಡಿಗೆ ಸೋನಿ ಎ7 ಮಾರ್ಕ್ 4 ಇದೆ, ಅದಕ್ಕೆ 24-70 ಎಫ್ 2.8 ಲೆನ್ಸ್. ಹುಚ್ಚಿಗೆ ಅಂತ ಸೋನಿ ಆರ್‌ಎಕ್ಸ್100 ಮಾರ್ಕ್ 7 ತೆಗೆದುಕೊಂಡೆ. ಮೊದಲನೆಯದು ಲೆನ್ಸ್ ಸೇರಿ 1,353 ಗ್ರಾಂ. ಸಿಪ್ಪೆ ಸುಲಿಯದ ತೆಂಗಿನಕಾಯಿಯನ್ನು ಕುತ್ತಿಗೆಗೆ ಕಟ್ಟಿಕೊಂಡ ಹಾಗೆ. ಎರಡನೆಯದು 302 ಗ್ರಾಂ. ಅಂಗಿಯ ಜೇಬು ಜಗ್ಗುತ್ತದೆ, ಆದರೂ ಹಿಡಿಸುತ್ತದೆ.

ಹುಡುಗಿ ಹೇಳಿದ್ದು ತಪ್ಪಲ್ಲ. ಬೆಳಗಿನ ಒಳ್ಳೆ ಬಿಸಿಲು, ಅಲ್ಲಾಡದೆ ನಿಂತ ಹಸು, ನೋಡುವುದು ಮೊಬೈಲಿನಲ್ಲಿ. ಮೊಬೈಲಿನ ಪರದೆ ತೋರಿಸುವುದೇ ಎರಡು ಮೂರು ಮೆಗಾಪಿಕ್ಸೆಲ್. ಒಂದು ಕ್ಯಾಮೆರಾ ಕೊಡುವುದು 33, ಇನ್ನೊಂದು 20. ಎರಡು ಕೊಡ ನೀರನ್ನು ಒಂದೇ ಲೋಟದಲ್ಲಿ ಹಿಡಿದು ಯಾವ ಕೊಡ ದೊಡ್ಡದು ಅಂತ ಕೇಳಿದರೆ ಏನು ಹೇಳುವುದು? ಹಾಗಾಗಿ ಆ ರಜೆಯ ನಾಲ್ಕು ದಿನ ಅವಳನ್ನು ಕೂರಿಸಿಕೊಂಡು ಸರಿಯಾದ ಪರೀಕ್ಷೆ ಮಾಡಿದೆ. ಹೊರಗಿನ ಪರೀಕ್ಷೆಗಳಿಗೆ ಆಮೇಲೂ ಹೊಂಚು ಹಾಕಿ ಹೋಗಬೇಕಾಯಿತು. ನಿಮ್ಮ ಹತ್ತಿರ ಬೇರೆ ಜೋಡಿ ಇರಬಹುದು, ಅಥವಾ ಒಂದನ್ನು ಗೆಳೆಯರಿಂದ ತರಬಹುದು. ಕ್ರಮ ಇದೇ.

ಮೊದಲು ಗಡಿಯಾರ

ಇದನ್ನು ಯಾರೂ ಹೇಳುವುದಿಲ್ಲ. ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಸೆಕೆಂಡಿನವರೆಗೆ ಒಂದೇ ಮಾಡಿ. ಆಮೇಲೆ ಕಂಪ್ಯೂಟರಿನಲ್ಲಿ ತೆಗೆದ ಸಮಯದ ಪ್ರಕಾರ ಜೋಡಿಸಿದರೆ ಜೋಡಿ ಫೋಟೊಗಳು ಅಕ್ಕಪಕ್ಕ ಬಂದು ಕೂರುತ್ತವೆ. ಒಮ್ಮೆ ಒಂದು ಮದುವೆಗೆ ಎರಡನ್ನೂ ಒಯ್ದಿದ್ದೆ, ಸಣ್ಣದರ ಗಡಿಯಾರ ಎರಡು ಗಂಟೆ ಹಿಂದಿತ್ತು. ನೋಡದೆ ಹಾಗೇ ಜೋಡಿಸಿ ಕಳಿಸಿಬಿಟ್ಟೆ. ಹುಡುಗಿಯ ಮನೆಯವರಿಗೆ ಸಿಕ್ಕಿದ ಫೋಟೊಗಳಲ್ಲಿ ಮೊದಲು ಊಟದ ಪಂಕ್ತಿ, ಆಮೇಲೆ ತಾಳಿ.

ಎರಡರಲ್ಲೂ ರಾ ಫೈಲ್ ಇಡಿ, ಅಂದರೆ ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್. ಬಿಳಿಯನ್ನು ಬಿಳಿಯಾಗಿ ತೋರಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬೇಡ, ಒಂದೇ ಕಡೆ ನಿಲ್ಲಿಸಿ. ನೆರಳನ್ನು ತಾನೇ ಬೆಳಗಿಸುವ ಆಯ್ಕೆಗಳಿದ್ದರೆ ಆಫ್ ಮಾಡಿ. ಇಲ್ಲದಿದ್ದರೆ ನೀವು ಹೋಲಿಸುವುದು ಒಳಗಿನ ಸಾಫ್ಟ್‌ವೇರನ್ನು, ಕ್ಯಾಮೆರಾವನ್ನಲ್ಲ.

ಜಗಲಿಯ ಪರೀಕ್ಷೆ

ಪೇಟೆಯಿಂದ ಟೆಸ್ಟ್ ಚಾರ್ಟ್ ತರಿಸುವುದು ಬೇಡ. ನಮ್ಮ ಜಗಲಿಯಲ್ಲಿ ಒಂದು ಕಪ್ಪು ಕಂಬಳಿ ಹಾಸಿದೆ. ಅದರ ಮೇಲೆ ಮಡಿಸಿದ ಬಿಳಿ ಪಂಚೆ, ಪಕ್ಕದಲ್ಲಿ ಹಿತ್ತಾಳೆ ಚೊಂಬು. ಮೂರು ಮೀಟರ್ ಹಿಂದೆ ಗೋಡೆಗೆ ಒಂದು ದಿನಪತ್ರಿಕೆ ಅಂಟಿಸಿದೆ. ಇಷ್ಟೇ. ಕಂಬಳಿಯಲ್ಲಿ ಕಾಳುಕಾಳು ಕಾಣುತ್ತದೆಯೋ ನೋಡಬಹುದು. ಪಂಚೆಯ ಮಡಿಕೆ ಬೆಳಕಿಗೆ ಮಾಯವಾಗುತ್ತದೆಯೋ ನೋಡಬಹುದು. ಹಿಂದಿನ ಪತ್ರಿಕೆಯ ಅಕ್ಷರ ಎಷ್ಟು ಮಸುಕಾಯಿತು ಅಂತಲೂ ತಿಳಿಯುತ್ತದೆ.

ಈಗ ಮುಖ್ಯ ಮಾತು. ಹೆಚ್ಚಿನವರು ಎರಡೂ ಕ್ಯಾಮೆರಾಗಳಲ್ಲಿ ಎಫ್ 2.8, ಐಎಸ್‌ಒ 800 ಅಂತ ಒಂದೇ ಸಂಖ್ಯೆ ಇಟ್ಟು ಹೋಲಿಸುತ್ತಾರೆ. ಎಫ್ ಅಂದರೆ ಅಪರ್ಚರ್, ಲೆನ್ಸಿನ ತೂತಿನ ಅಳತೆ, ಸಂಖ್ಯೆ ಸಣ್ಣದಾದಷ್ಟೂ ತೂತು ದೊಡ್ಡದು. ಐಎಸ್‌ಒ ಅಂದರೆ ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಅನ್ನುವುದು. ಸಂಖ್ಯೆ ಒಂದೇ ಆದ ಮಾತ್ರಕ್ಕೆ ಫೋಟೊ ಒಂದೇ ಆಗುವುದಿಲ್ಲ. ಬೆಳಕು ಬೀಳುವ ಅಂಗಳವೇ, ಅಂದರೆ ಸೆನ್ಸರೇ, ಬೇರೆ. ದೊಡ್ಡದರ ಫುಲ್ ಫ್ರೇಮ್ ಸೆನ್ಸರ್ ಸುಮಾರು 36 ಎಂ.ಎಂ. ಅಗಲ, 24 ಎಂ.ಎಂ. ಎತ್ತರ. ಸಣ್ಣದರದ್ದು 13.2 ಮತ್ತು 8.8. ಇದಕ್ಕೆ "1 ಇಂಚಿನ ಸೆನ್ಸರ್" ಅಂತ ಹೆಸರು. ಅಳತೆಪಟ್ಟಿ ಯಾವ ಕಡೆಯಿಂದ ಹಿಡಿದರೂ ಒಂದು ಇಂಚು ಸಿಗುವುದಿಲ್ಲ! ಹಳೇ ಕಾಲದ ವಿಡಿಯೊ ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆಯಿಂದ ಬಂದ ಹೆಸರು ಅದು, ಹಾಗೇ ಉಳಿದುಕೊಂಡಿದೆ.

ಮೂಲೆಯಿಂದ ಮೂಲೆಗೆ ಅಳೆದರೆ ದೊಡ್ಡದು ಸಣ್ಣದರ 2.7 ಪಟ್ಟು. ವಿಸ್ತೀರ್ಣದಲ್ಲಿ ಏಳು ಪಟ್ಟಿಗೂ ಸ್ವಲ್ಪ ಜಾಸ್ತಿ. ಈ 2.7ನ್ನು ನೆನಪಿಟ್ಟುಕೊಳ್ಳಿ. ಸಣ್ಣದರ ಅಪರ್ಚರನ್ನು 2.7ರಿಂದ ಗುಣಿಸಿದರೆ ದೊಡ್ಡದರಲ್ಲಿ ಅದಕ್ಕೆ ಸಮನಾದ ಅಪರ್ಚರ್ ಸಿಗುತ್ತದೆ. ಎಫ್ 2.8 ಅಂದರೆ ಅಲ್ಲಿ ಎಫ್ 8ರ ಹತ್ತಿರ.

ಹಾಗಾಗಿ ಮೊದಲ ಜೋಡಿ ಹೀಗೆ. ಎರಡನ್ನೂ ಟ್ರೈಪಾಡ್ ಮೇಲೆ ಒಂದೇ ಜಾಗದಲ್ಲಿಡಿ, ಚೊಂಬಿನಿಂದ ಒಂದು ಮೀಟರ್ ದೂರ. ಎರಡೂ 24 ಎಂ.ಎಂ.ನಲ್ಲಿ, ಅಂದರೆ ಜೂಮ್ ಮಾಡದ ಅಗಲ ನೋಟದಲ್ಲಿ. ಸಣ್ಣದರ ಲೆನ್ಸಿನ ಮೇಲೆ 9 ರಿಂದ 72 ಅಂತ ಕೆತ್ತಿರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಫುಲ್ ಫ್ರೇಮಿನ ಲೆಕ್ಕದಲ್ಲಿ ಅದು 24 ರಿಂದ 200. ಸಣ್ಣದರಲ್ಲಿ ಎಫ್ 2.8, ಐಎಸ್‌ಒ 200 ಇಡಿ. ದೊಡ್ಡದರಲ್ಲಿ ಎಫ್ 8, ಐಎಸ್‌ಒ 1600. ಶಟರ್ ತೆರೆದಿರುವ ಸಮಯ ಎರಡರಲ್ಲೂ ಒಂದೇ.

ಈ ಜೋಡಿಯನ್ನು ನೋಡಿ ನಾನೇ ಬೆರಗಾದೆ. ಕಂಬಳಿಯ ಕಾಳು ಒಂದೇ ಮಟ್ಟ. ಹಿಂದಿನ ಪತ್ರಿಕೆಯ ಮಸುಕು ಕೂಡ ಹೆಚ್ಚುಕಮ್ಮಿ ಒಂದೇ. ಅಂದರೆ ದೊಡ್ಡ ಕ್ಯಾಮೆರಾವನ್ನು ಎಫ್ 8ಕ್ಕೆ ಇಟ್ಟು ಐಎಸ್‌ಒ ಏರಿಸಿ ತೆಗೆಯುವ ಫೋಟೊವೇ ನಿಮಗೆ ಬೇಕಾಗಿದ್ದರೆ, ಆ ಭಾರ ದಂಡ. ಮನೆ ಮುಂದೆ ಇಡೀ ಸಂಸಾರವನ್ನು ನಿಲ್ಲಿಸಿ ತೆಗೆಯುವ ಗ್ರೂಪ್ ಫೋಟೊ ಇದೇ ಜಾತಿಯದು, ಅಲ್ವಾ?

ಎರಡನೇ ಜೋಡಿಯಲ್ಲಿ ಇಬ್ಬರಿಗೂ ಪೂರ್ತಿ ಶಕ್ತಿ ತೋರಿಸಲು ಬಿಡಿ. ಎರಡೂ ಎಫ್ 2.8, ಎರಡೂ ಐಎಸ್‌ಒ 200. ಈಗ ಹಿಂದಿನ ಪತ್ರಿಕೆ ದೊಡ್ಡದರಲ್ಲಿ ಕರಗಿಹೋಗುತ್ತದೆ. ಎರಡು ರಾ ಫೈಲುಗಳನ್ನೂ ಕಂಪ್ಯೂಟರಿನಲ್ಲಿ ಮೂರು ಸ್ಟಾಪ್, ಅಂದರೆ ಎಂಟು ಪಟ್ಟು, ಬೆಳಗಿಸಿ ನೋಡಿ. ದೊಡ್ಡದರಲ್ಲಿ ಕಂಬಳಿಯ ನೂಲು ಕಾಣುತ್ತದೆ. ಸಣ್ಣದರಲ್ಲಿ ನೂಲಿನ ಜೊತೆ ಬಣ್ಣಬಣ್ಣದ ಮರಳೂ ಕಾಣುತ್ತದೆ.

ನಿಮ್ಮ ಜೇಬಿನದು ರಿಕೋ ಜಿಆರ್3 ಆದರೆ ಅದರ ಸೆನ್ಸರ್ ಎಪಿಎಸ್-ಸಿ ಅನ್ನುವ ನಡುವಿನ ಅಳತೆಯದು, ಗುಣಿಸುವ ಸಂಖ್ಯೆ 1.5. ಅಂತರ ಬಹಳ ಕಡಿಮೆ. ಆದರೆ ಜೂಮ್ ಇಲ್ಲ, 28 ಎಂ.ಎಂ. ಒಂದೇ. ಫ್ಯೂಜಿ ಎಕ್ಸ್100 ಮಾರ್ಕ್ 6 ಕೂಡ ಇದೇ ಅಳತೆಯ ಸೆನ್ಸರಿನದು. ಆದರೆ 521 ಗ್ರಾಂ ಇರುವ ಅದನ್ನು ಜೇಬಿನ ಕ್ಯಾಮೆರಾ ಅನ್ನಬೇಕಾದರೆ ಜೇಬು ಹೊಲಿಯುವ ದರ್ಜಿಯನ್ನು ಬದಲಿಸಬೇಕು.

ಫೋಟೊಗಳನ್ನು ನೋಡುವಾಗ ಒಂದು ಎಚ್ಚರ. ನೂರು ಪರ್ಸೆಂಟ್ ಹಿಗ್ಗಿಸಿ ನೋಡಬೇಡಿ. 33 ಮೆಗಾಪಿಕ್ಸೆಲ್ಲಿನದನ್ನು 20ರದ್ದಕ್ಕಿಂತ ಜಾಸ್ತಿ ಹಿಗ್ಗಿಸಿದ ಹಾಗಾಗುತ್ತದೆ. ಎರಡನ್ನೂ ಒಂದೇ ಅಗಲಕ್ಕೆ ಇಳಿಸಿ ನೋಡಿ. ಅದಕ್ಕಿಂತ ಒಳ್ಳೆಯದು, ಲ್ಯಾಬಿನಲ್ಲಿ 12x18 ಪ್ರಿಂಟ್ ಹಾಕಿಸಿ. ಹಿಂದೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಯಾವುದು ಯಾವುದೆಂದು ಹೇಳದೆ ಮನೆಯವರ ಕೈಗೆ ಕೊಡಿ. ನನ್ನ ಮನೆಯಾಕೆ ಮೊದಲ ಜೋಡಿಯಲ್ಲಿ ಸಣ್ಣದರದ್ದನ್ನೇ ದೊಡ್ಡದು ಅಂದಳು. ಎರಡನೇ ಜೋಡಿಯಲ್ಲಿ ಒಂದು ಕ್ಷಣವೂ ಯೋಚಿಸಲಿಲ್ಲ, ಸರಿಯಾಗಿ ಬೆರಳಿಟ್ಟಳು.

ಜೋಗದಲ್ಲಿ ಮುಖಭಂಗ

ಸಾಗರದಿಂದ ಜೋಗ ಸುಮಾರು 30 ಕಿಲೋಮೀಟರ್. ಎದುರಿನ ದಂಡೆಯಲ್ಲಿ ನಿಂತರೆ ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಕಾಣುತ್ತವೆ. ಬಂಡೆಗೆ ಬಡಿದು ಚಿಮ್ಮುವ ರಾಕೆಟ್ಟಿನ ಒಂದು ತುಣುಕು ಮಾತ್ರ ಚೌಕಟ್ಟಿನಲ್ಲಿ ಬೇಕಿತ್ತು. ಒಳ್ಳೆ ಬಿಸಿಲು. ಜೇಬಿನದ್ದು 200 ಎಂ.ಎಂ. ತನಕ ಹೋಯಿತು, 20 ಮೆಗಾಪಿಕ್ಸೆಲ್ ಪೂರ್ತಿ ಸಿಕ್ಕಿತು. ದೊಡ್ಡದರ ಲೆನ್ಸ್ 70ಕ್ಕೆ ನಿಂತಿತು. ಅದೇ ಚೌಕಟ್ಟಿಗೆ ಕತ್ತರಿಸಿದಾಗ ಉಳಿದದ್ದು 4 ಮೆಗಾಪಿಕ್ಸೆಲ್. ಅಕ್ಕನ ಮಗಳು ನಕ್ಕಳು. ನಾನು ನಗಲಿಲ್ಲ.

70-200 ಲೆನ್ಸ್ ತಂದಿದ್ದರೆ? ಗೆಲ್ಲುತ್ತಿದ್ದೆ. ಅದಕ್ಕೆ ಇನ್ನೊಂದು ಕಿಲೋ ಹೊರಬೇಕಿತ್ತು. ಹೋಲಿಸುವಾಗ ಕ್ಯಾಮೆರಾಕ್ಕೆ ಕ್ಯಾಮೆರಾ ಅಂತ ಲೆಕ್ಕ ಹಾಕಬೇಡಿ. ಅವತ್ತು ನಿಮ್ಮ ಹೆಗಲ ಮೇಲೆ ನಿಜವಾಗಿ ಏನಿರುತ್ತದೋ ಅದನ್ನು ಲೆಕ್ಕ ಹಾಕಿ.

ಬಿಸಿಲಲ್ಲಿ ಸಣ್ಣದನ್ನು ಬಳಸುವಾಗ ಅಪರ್ಚರನ್ನು 5.6ರ ಆಚೆ ಒಯ್ಯಬೇಡಿ. ದೊಡ್ಡದರ ಅಭ್ಯಾಸದಲ್ಲಿ ನಾನು ಎಫ್ 11ಕ್ಕೆ ತಿರುಗಿಸಿದ್ದೆ, ನೀರಿನ ಹನಿಗಳೆಲ್ಲ ಮೇಣದ ಹಾಗೆ ಬಂದವು. ತೂತು ಸಣ್ಣದಾದಷ್ಟೂ ಬೆಳಕು ಅಂಚಿನಲ್ಲಿ ಹರಡುತ್ತದೆ. ಸಣ್ಣ ಸೆನ್ಸರಿನ ಪಿಕ್ಸೆಲ್‌ಗಳು ಒತ್ತೊತ್ತಾಗಿ ಇರುವುದರಿಂದ ಆ ಹರಡುವಿಕೆ ಬೇಗ ಕಾಣುತ್ತದೆ.

ಬಯಲಾಟದ ರಾತ್ರಿ

ನಿಮ್ಮ ಪರೀಕ್ಷೆಯ ಕೊನೆಯ ಭಾಗ ನೀವು ನಿಜವಾಗಿ ಫೋಟೊ ತೆಗೆಯುವ ಜಾಗದಲ್ಲೇ ಆಗಬೇಕು. ಮಕ್ಕಳ ಶಾಲೆ ವಾರ್ಷಿಕೋತ್ಸವ ಇರಬಹುದು, ಹಕ್ಕಿ ಇರಬಹುದು. ನನಗೆ ಅದು ಯಕ್ಷಗಾನ.

ರಂಗಸ್ಥಳದಲ್ಲಿ ಮಂಡಿ ಕುಣಿತ ಶುರುವಾದರೆ ಶಟರ್ 1/500 ಸೆಕೆಂಡ್ ಬೇಕು. ಇಲ್ಲದಿದ್ದರೆ ಕಾಲೂ ಕಸೆ ಸೀರೆಯೂ ಒಂದೇ ಮುದ್ದೆ. ಎದುರಿನ ಸಾಲಿನಲ್ಲಿ ಕೂತು ಎರಡನ್ನೂ 70 ಎಂ.ಎಂ.ನಲ್ಲಿ ಇಟ್ಟೆ. ದೊಡ್ಡದರಲ್ಲಿ ಎಫ್ 2.8, ಐಎಸ್‌ಒ 3200 ಸಾಕಾಯಿತು. ಸಣ್ಣದು ಸ್ವಲ್ಪ ಜೂಮ್ ಆದ ಕೂಡಲೇ ಎಫ್ 4ಕ್ಕೆ ಇಳಿಯುತ್ತದೆ, ಹಾಗಾಗಿ ಅದೇ ಬೆಳಕಿಗೆ ಐಎಸ್‌ಒ 6400 ಬೇಕಾಯಿತು. ಸೆನ್ಸರಿನ ಏಳು ಪಟ್ಟನ್ನೂ ಸೇರಿಸಿದರೆ, ದೊಡ್ಡದರಲ್ಲಿ 47,000ದಷ್ಟು ಐಎಸ್‌ಒ ಇಟ್ಟು ತೆಗೆದ ಹಾಗೆ. 3200 ಎಲ್ಲಿ, 47,000 ಎಲ್ಲಿ! ಮುಖದ ಮೇಲಿನ ಇಂಗಳೀಕದ ಕೆಂಪು, ಅರದಾಳದ ಹಳದಿ, ಕಾಡಿಗೆಯ ಗೆರೆ ದೊಡ್ಡದರಲ್ಲಿ ಬೇರೆ ಬೇರೆಯಾಗಿ ನಿಂತವು. ಸಣ್ಣದರಲ್ಲಿ ಕಾಡಿಗೆಯ ಗೆರೆ ಹಳದಿಯೊಳಗೆ ಇಂಗಿಹೋಗಿತ್ತು.

ಇಲ್ಲಿ ಎರಡು ಕಿವಿಮಾತು. ಈಗೀಗ ರಂಗದ ಮೇಲೆ ಎಲ್‌ಇಡಿ ದೀಪಗಳೇ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಟ್ಟರೆ ಫೋಟೊದಲ್ಲಿ ಅಡ್ಡ ಪಟ್ಟೆಗಳು ಬರಬಹುದು. ಆಟಕ್ಕೆ ಹೋದ ಕೂಡಲೇ ನಾಲ್ಕು ಫೋಟೊ ತೆಗೆದು ಹಿಗ್ಗಿಸಿ ನೋಡಿ, ಪಟ್ಟೆ ಕಂಡರೆ ಮೆಕ್ಯಾನಿಕಲ್ ಶಟರಿಗೆ ಬನ್ನಿ. ಎ7 ಮಾರ್ಕ್ 4ರಲ್ಲಿ ಸದ್ದಿಲ್ಲದ ಶಟರಿಗೆ ಇನ್ನೊಂದು ತೊಡಕು: ಸೆನ್ಸರ್ ಸಾಲುಸಾಲಾಗಿ ನಿಧಾನ ಓದುವುದರಿಂದ ಜೋರಾಗಿ ಬೀಸಿದ ಕತ್ತಿ ಬಿಲ್ಲಿನ ಹಾಗೆ ಬಾಗುತ್ತದೆ. ಆರ್‌ಎಕ್ಸ್100 ಮಾರ್ಕ್ 7ರದ್ದು ಸ್ಟ್ಯಾಕ್ಡ್ ಸೆನ್ಸರ್, ಓದುವ ವೇಗ ಜಾಸ್ತಿ. ಈ ಒಂದು ವಿಷಯದಲ್ಲಿ ಸಣ್ಣದೇ ಮುಂದೆ. ಎರಡನೆಯದು, ಕೆಂಪು ದೀಪ ಕೆಂಪು ವೇಷದ ಮೇಲೆ ಬಿದ್ದಾಗ ಮುಖ ಬಣ್ಣದ ಹಲಗೆಯಾಗುತ್ತದೆ. ಎರಡೂ ಕ್ಯಾಮೆರಾಗಳಲ್ಲಿ ಎಕ್ಸ್‌ಪೋಷರನ್ನು ಮೈನಸ್ 0.7ಕ್ಕೆ ಇಳಿಸಿಕೊಳ್ಳಿ.

ರಂಗದಲ್ಲಿ ಸೋತ ಸಣ್ಣದು ಚೌಕಿಯಲ್ಲಿ ಸೇಡು ತೀರಿಸಿಕೊಂಡಿತು.

ಚೌಕಿ ಅಂದರೆ ವೇಷ ಕಟ್ಟುವ ಜಾಗ. ನೆಲದ ಮೇಲೆ ಚಾಪೆ, ಕೈಗನ್ನಡಿ, ಒಂದೊಂದು ಬಲ್ಬು, ಸುತ್ತ ಪೆಟ್ಟಿಗೆ, ಗೆಜ್ಜೆ, ಕಿರೀಟ. ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ ದೊಡ್ಡ ಕ್ಯಾಮೆರಾ ಎತ್ತಿದರೆ, ಕಲಾವಿದರು ಎಷ್ಟೇ ಹಳಬರಾದರೂ ಬೆನ್ನು ನೆಟ್ಟಗಾಗುತ್ತದೆ, ಕುಂಚ ನಿಲ್ಲುತ್ತದೆ. ಬಾಯಲ್ಲಿ ಎಲೆಯಡಿಕೆ ಇದ್ದರೆ ಉಗಿದು ಬರಲು ಏಳುತ್ತಾರೆ. ಸಣ್ಣದನ್ನು ಮಂಡಿಯ ಮೇಲಿಟ್ಟು, ಪರದೆಯನ್ನು ಮೇಲಕ್ಕೆ ತಿರುಗಿಸಿ, ಕೆಳಗಿನಿಂದ ತೆಗೆದೆ. ಸದ್ದಿಲ್ಲದ ಶಟರ್, 1/50. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್ ಆದ್ದರಿಂದ 1/50 ಅಥವಾ 1/100 ಇಟ್ಟರೆ ಬಲ್ಬಿನ ಪಟ್ಟೆ ಸಾಮಾನ್ಯವಾಗಿ ಬರುವುದಿಲ್ಲ. 24 ಎಂ.ಎಂ.ನಲ್ಲಿ ಅದು 8 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ. ಕುಂಚದ ತುದಿಯಿಂದ ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಬಿಳಿ ಚುಕ್ಕೆ, ಇಡುವುದನ್ನು ಅಷ್ಟು ಹತ್ತಿರದಿಂದ ತೆಗೆದೆ. ಕಾಳು ಇದೆಯೇ? ಇದೆ. ಯಾರಿಗೆ ಬೇಕು! ದೊಡ್ಡದು ತಂದಿದ್ದರೆ ಆ ಫೋಟೊ ಇರುತ್ತಲೇ ಇರಲಿಲ್ಲ.

ಇದನ್ನೂ ಪರೀಕ್ಷೆಯಲ್ಲಿ ಸೇರಿಸಿ. ಒಂದು ಇಡೀ ಸಂಜೆ ಒಂದೇ ಕ್ಯಾಮೆರಾ ಒಯ್ಯಿರಿ, ಮುಂದಿನ ಸಲ ಇನ್ನೊಂದು. ಜೇಬಿನಲ್ಲಿ ಸಣ್ಣ ಚೀಟಿ ಇಟ್ಟುಕೊಂಡು, ತೆಗೆಯಬೇಕು ಅನ್ನಿಸಿ ತೆಗೆಯಲಾಗದೆ ಹೋದ ಫೋಟೊಗಳಿಗೆ ಒಂದೊಂದು ಗೀಟು ಹಾಕಿ. ಬೆಳಕು ಸಾಲದೆ ಹೋದರೆ "ಬೆ", ಚೀಲದಿಂದ ತೆಗೆಯುವಷ್ಟರಲ್ಲಿ ಮುಗಿದುಹೋದರೆ "ತ", ನಾಚಿಕೆಯಾಗಿ ಬಿಟ್ಟರೆ "ನಾ". ನನ್ನ ಚೀಟಿಯಲ್ಲಿ ಸಣ್ಣದರ ಕೆಳಗೆ "ಬೆ" ಹನ್ನೊಂದು, ದೊಡ್ಡದರ ಕೆಳಗೆ "ತ" ಆರು, "ನಾ" ಒಂಬತ್ತು. ನಿಮ್ಮದು ಬೇರೆ ಬರುತ್ತದೆ. ಅಂಗಡಿಯವರು ಎಷ್ಟೇ ವಿವರಿಸಿದರೂ ಈ ಲೆಕ್ಕ ಅವರಿಗೆ ಗೊತ್ತಿರುವುದಿಲ್ಲ.

ಮದುವೆಗೆ ಯಾಕೆ ದೊಡ್ಡದೇ

ಗುಣಮಟ್ಟಕ್ಕಾಗಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಅದು ಎರಡನೇ ಕಾರಣ. ಮೊದಲನೆಯದು, ಎ7 ಮಾರ್ಕ್ 4ರಲ್ಲಿ ಎರಡು ಕಾರ್ಡ್ ಕೂರುತ್ತವೆ, ಪ್ರತಿ ಫೋಟೊ ಎರಡರಲ್ಲೂ ಬರೆಯುವಂತೆ ಇಡಬಹುದು. ಜೇಬಿನದರಲ್ಲಿ ಒಂದೇ. ಕಾರ್ಡ್ ಕೆಟ್ಟರೆ ಧಾರೆ ಇನ್ನೊಮ್ಮೆ ಎರೆಯಿರಿ ಅಂತ ಕೇಳಲು ಆಗುತ್ತದೆಯೇ?

ಬ್ಯಾಟರಿಯೂ ಹಾಗೇ. ತಯಾರಕರ ಲೆಕ್ಕದಲ್ಲಿ ದೊಡ್ಡದು ವ್ಯೂಫೈಂಡರ್ ಬಳಸಿ 520 ಫೋಟೊ, ಸಣ್ಣದು ಪರದೆ ಬಳಸಿ 260. ಬೆಳಗಿನ ಮುಹೂರ್ತದಿಂದ ರಾತ್ರಿ ಆರತಕ್ಷತೆಯವರೆಗೆ ಸಣ್ಣದಕ್ಕೆ ನಾಲ್ಕು ಬ್ಯಾಟರಿ ಬೇಕು. ಫ್ಲಾಶ್ ಸಿಕ್ಕಿಸುವ ಶೂ ಕೂಡ ಆರ್‌ಎಕ್ಸ್100 ಮಾರ್ಕ್ 7ರಲ್ಲಿ ಇಲ್ಲ. ಒಳಗಿನಿಂದ ಪುಟಿದೇಳುವ ಪುಟ್ಟ ಫ್ಲಾಶ್ ಇದೆ. ಬೆರಳಿನಿಂದ ಹಿಂದಕ್ಕೆ ಒತ್ತಿ ಹಿಡಿದರೆ ಬೆಳಕು ಛಾವಣಿಗೆ ಹೊಡೆದು ಮೆತ್ತಗೆ ಇಳಿಯುತ್ತದೆ. ಮನೆಯ ತಗ್ಗು ಛಾವಣಿಗೆ ಚೆಂದ, ಕಲ್ಯಾಣ ಮಂಟಪಕ್ಕೆ ಏನೂ ಸಾಲದು.

ಆಲ್ಬಮ್ಮಿನ ಲೆಕ್ಕ ಸುಲಭ. 12x36 ಇಂಚಿನ ಹಾಳೆಗೆ ಒಂದೇ ಫೋಟೊವನ್ನು ಉದ್ದಕ್ಕೆ ಹರಡಿದರೆ ದೊಡ್ಡದರ 7008 ಪಿಕ್ಸೆಲ್ ಇಂಚಿಗೆ ಸುಮಾರು 195 ಆಗುತ್ತದೆ. ಸಣ್ಣದರ 5472 ಪಿಕ್ಸೆಲ್ 152 ಆಗುತ್ತದೆ. ಹಗಲಿನ ಫೋಟೊ ಆದರೆ 152 ಕೂಡ ನಡೆದೀತು. ಕಾಲು ಹಾಳೆಯ ಫೋಟೊಗಳಿಗೆ ವ್ಯತ್ಯಾಸ ಹುಡುಕಲು ಕೂರಬೇಡಿ.

ಇನ್ನೊಂದು ಕಾರಣ ಹೇಳಲು ಸ್ವಲ್ಪ ನಗು ಬರುತ್ತದೆ. ಒಂದು ನಿಶ್ಚಿತಾರ್ಥದಲ್ಲಿ ಜೇಬಿನದ್ದನ್ನು ಹಿಡಿದು ಓಡಾಡುತ್ತಿದ್ದೆ. ಹುಡುಗಿಯ ತಂದೆ ಬಂದು, "ಫೋಟೊದವರೇ, ಕ್ಯಾಮೆರಾ ಬಂದಿಲ್ವಾ ಇನ್ನೂ?" ಅಂದರು. ಸುಮ್ನೆ ಹೋಗಿ ದೊಡ್ಡದನ್ನು ಕುತ್ತಿಗೆಗೆ ಹಾಕಿಕೊಂಡು ಬಂದೆ. ಅವರಿಗೆ ಸಮಾಧಾನವಾಯಿತು. ಆಮೇಲೂ ಅರ್ಧ ಫೋಟೊ ಸಣ್ಣದರಲ್ಲೇ ತೆಗೆದೆ.

ಮಳೆಗಾಲ ಮತ್ತು ಹಳೇ ಮಾಲು

ಮಲೆನಾಡಿನಲ್ಲಿ ಇರುವವರು ಈ ಒಂದು ವಿಷಯವನ್ನು ಬೆಲೆಗಿಂತ ಮೊದಲು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಲೆನ್ಸಿಗೆ ಬಿಡುತ್ತದೆಯೇ? ದೊಡ್ಡದರಲ್ಲಿ ಲೆನ್ಸ್ ಕೆಟ್ಟರೆ ಲೆನ್ಸ್ ಮಾತ್ರ ಬಿಚ್ಚಿ ಸರ್ವಿಸ್‌ಗೆ ಕಳಿಸಬಹುದು, ಬಾಡಿ ಮನೆಯಲ್ಲೇ ದುಡಿಯುತ್ತದೆ. ಜೇಬಿನದರಲ್ಲಿ ಎಲ್ಲ ಒಂದೇ ಗೂಡು. ಒಳಗೆ ಬೂಷ್ಟು ಬಂದರೆ ಇಡೀ ಕ್ಯಾಮೆರಾವನ್ನೇ ಬಿಚ್ಚಬೇಕು. ಜೂಮ್ ಒಳಗೆ ಹೊರಗೆ ಹೋಗುವಾಗ ಅಂಗಿ ಜೇಬಿನ ಧೂಳನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಜೇಬಿನಲ್ಲಿ ಸಣ್ಣ ಬಟ್ಟೆ ಚೀಲ ಇರಲಿ. ಜಿಟಿಜಿಟಿ ಮಳೆಗೆ ದೊಡ್ಡದು ಸ್ವಲ್ಪ ತಡೆದುಕೊಳ್ಳುತ್ತದೆ, ಸಣ್ಣದಕ್ಕೆ ಆ ರಕ್ಷಣೆ ಇಲ್ಲ.

ಅಕ್ಕಿ ಡಬ್ಬಿಯಲ್ಲಿ ಇಡಿ ಅಂತ ಹೇಳುವವರು ಸಿಗುತ್ತಾರೆ. ಬೇಡ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೋ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಸಾಕು. ಮುಳ್ಳು 40 ರಿಂದ 50 ಪರ್ಸೆಂಟ್ ಒಳಗಿರಲಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಆರಿಸಿ, ಮತ್ತೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ.

ಪರೀಕ್ಷೆ ಎಲ್ಲ ಮುಗಿದು, ಅಕ್ಕನ ಮಗಳು ಸೆಕೆಂಡ್‌ಹ್ಯಾಂಡ್ ಜೇಬಿನ ಕ್ಯಾಮೆರಾ ಹುಡುಕಲು ಹೊರಟಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಲೆನ್ಸ್ ಹೊರಗೆ ಬಂದಾಗ ಮೊಬೈಲಿನ ಟಾರ್ಚನ್ನು ಓರೆಯಾಗಿ ಬಿಟ್ಟು ಒಳಗೆ ನೋಡು. ಜೇಡರ ಬಲೆಯ ಎಳೆ ಥರ ಏನಾದರೂ ಕಂಡರೆ ಅದು ಬೂಷ್ಟು. ಬಿಳಿ ಗೋಡೆಯನ್ನು ಎಫ್ 11ರಲ್ಲಿ ತೆಗೆದು ನೋಡು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಬೂದು ಚುಕ್ಕೆ ಒಳಗಿನ ಧೂಳು. ಫ್ಲಾಶ್ ಮತ್ತು ವ್ಯೂಫೈಂಡರ್ ಎರಡನ್ನೂ ಎಬ್ಬಿಸಿ ಕೂರಿಸು. ಕೊನೆಗೆ ಕಿವಿಯ ಹತ್ತಿರ ಹಿಡಿದು ಇಪ್ಪತ್ತು ಸಲ ಜೂಮ್ ಹಿಂದೆ ಮುಂದೆ ಮಾಡು. ನಡುವೆ ಎಲ್ಲಾದರೂ ಕರಕರ ಅಂದರೆ, ಮಾರುವವರು ಕೊಟ್ಟ ಟೀ ಕುಡಿದು, ಚೆನ್ನಾಗಿದೆ ಅಂತ ಹೇಳಿ, ಬರಿಗೈಯಲ್ಲಿ ಬಸ್ ಹತ್ತು.